ಉದ್ದಕಳ್ಳನ ಅಳತೆಯ ಜೈಲು ಅಂಗಿ

ನಮ್ಮ ಟೀವಿ ಧಾರಾವಾಹಿಯ ನಾನೂರ ಹನ್ನೆರಡನೇ ಕಂತಿನಲ್ಲಿ ಗಿಡ್ಡಕಳ್ಳನು ತನ್ನ ಜೊತೆಗಾರ ಉದ್ದಕಳ್ಳನನ್ನು ಪೊಲೀಸರಿಗೆ ಹಿಡಿದುಕೊಡತಕ್ಕದ್ದು ಎಂಬ ಆದೇಶವನ್ನು ಸೋಮವಾರ ಬೆಳಿಗ್ಗೆ ಕಚೇರಿಯ ಗೋಡೆಗೆ ಅಂಟಿಸಲಾಯಿತು. ಕೆಳಗೆ ಮ್ಯಾನೇಜರ ಸಹಿ, ಪಕ್ಕದಲ್ಲಿ ಸೀಲು, ಸೀಲಿನ ಮೇಲೆ ಅವರ ಟೀ ಲೋಟದ ಗುರುತು. ಮೂರೂ ಇದ್ದರೇ ನಮ್ಮಲ್ಲಿ ಆದೇಶ ಊರ್ಜಿತ.

ನಾನು ಅಲ್ಲಿ ಬಟ್ಟೆ ಕೋಣೆಯಲ್ಲಿ ಹೊಲಿಗೆಯವಳು. ಉದ್ದಕಳ್ಳನ ಅಳತೆ ತೆಗೆದು ಜೈಲಿನ ಪಟ್ಟೆ ಅಂಗಿ ಹೊಲಿದದ್ದೂ ನಾನೇ. ಅಳತೆ ಕೊಡುವಾಗ ಮನುಷ್ಯ ಮದುಮಗನ ಹಾಗೆ ನಗುತ್ತಿದ್ದ.

"ಏನಪ್ಪಾ, ಜೈಲಿಗೆ ಹೋಗೋಕೆ ಇಷ್ಟು ಖುಷಿನಾ?"

"ಅಜ್ಜೀ, ನಾನೂರು ಕಂತು ಗೋಡೆ ಹಾರಿದೀನಿ. ಮಂಡಿ ಎರಡೂ ಕೈಕೊಟ್ಟಿವೆ. ಜೈಲಲ್ಲಾದ್ರೆ ಕೂತ್ಕೊಂಡೇ ಅಳಬಹುದು."

ಗಿಡ್ಡಕಳ್ಳನ ಪಾತ್ರದವನು ಮನೆ ಅಳಿಯ. ಅತ್ತೆಯ ಮನೆಯಲ್ಲಿ, ಬಚ್ಚಲಿಗೆ ಅಂಟಿದ ಕೋಣೆಯಲ್ಲಿ ಅವನ ಸಂಸಾರ. ಆ ಅತ್ತೆ ನಮ್ಮ ಎದುರುಮನೆಯವರು. ಒಂದು ಕಂತೂ ಬಿಟ್ಟವರಲ್ಲ. ಆದೇಶದ ವಿಷಯ ನಾನಾಗಿ ಹೇಳಲಿಲ್ಲ. "ಏನು ಸಮಾಚಾರ" ಅಂತ ಅವರೇ ಕೇಳಿದರು. ಕೇಳಿದ ಮೇಲೆ ಮುಚ್ಚಿಡುವುದು ನನ್ನಿಂದ ಆಗದು.

ಸಂಜೆ ಅಳಿಯ ಬರುವಷ್ಟರಲ್ಲಿ ಅವನ ಪೆಟ್ಟಿಗೆ ಹೊಸ್ತಿಲ ಮೇಲಿತ್ತು. ಮೇಲೆ ಹಲ್ಲುಜ್ಜುವ ಬ್ರಷ್ಷು. ನಾನು ಕಿಟಕಿಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಂದೇ ಟವೆಲನ್ನು ಅರ್ಧ ಗಂಟೆ.

"ಒಂದೇ ತಟ್ಟೇಲಿ ತಿಂದವನನ್ನ ಹಿಡಿದುಕೊಡೋನು ನಾಳೆ ನನ್ನ ಮಗಳನ್ನ ಬಿಡ್ತಾನಾ?"

"ಅಯ್ಯೋ ಅತ್ತೆ, ಅದು ನಾಟಕ!"

"ಕಳ್ಳತನ ನಾಟಕ ಇರಬಹುದು. ನಿಯತ್ತು ಹೆಂಗಪ್ಪಾ ನಾಟಕ ಆಗುತ್ತೆ? ಆ ಕಂತು ಬಂದ ದಿನ ಈ ಪೆಟ್ಟಿಗೆ ಬೀದೀಲಿ."

ಪೆಟ್ಟಿಗೆ ತುಂಬಿಟ್ಟವಳು ಆ ಮಗಳೇ.

ಮರುದಿನ ಅವನು ಮ್ಯಾನೇಜರ ಮುಂದೆ ಕೈಕಟ್ಟಿ ನಿಂತ.

"ದ್ರೋಹ ಮಾಡಲ್ಲ ಅಂದ್ರೆ ಹೆಂಗ್ರೀ? ಜೈಲು ಕಟ್ಟಿ ಆಗಿದೆ, ಬಣ್ಣಾನೂ ಒಣಗಿದೆ."

"ಮನೆ ಕಳ್ಕೊಳ್ತೀನಿ ಸಾರ್."

"ಹಾಗಿದ್ರೆ ಅರ್ಜಿ ಹಾಕಿ."

ದ್ರೋಹ ವಿನಾಯಿತಿಯ ಅರ್ಜಿ ನಮೂನೆ ಅಲ್ಲಿಯವರೆಗೆ ಇರಲಿಲ್ಲ. ಊಟದ ಹೊತ್ತಿಗೆ ತಯಾರಾಯಿತು. ಅದರ ನಾಲ್ಕನೇ ಷರತ್ತು: "ದ್ರೋಹಕ್ಕೆ ಒಳಗಾಗತಕ್ಕ ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರೂ ಯಾರಿಗೂ ನಿಷ್ಠರಾಗಿರತಕ್ಕದ್ದಲ್ಲ."

ಗಿಡ್ಡಕಳ್ಳ ಕಾಗದ ಹಿಡಿದು ಬಟ್ಟೆ ಕೋಣೆಗೇ ಬಂದ. ಅಲ್ಲೇ ಇದ್ದ ಉದ್ದಕಳ್ಳ ಓದಿ ಮುಖ ಕಿವುಚಿದ.

"ಒಂದೇ ಒಂದು ಸಲ ದ್ರೋಹ ಮಾಡೋ, ನಿನ್ನ ದಮ್ಮಯ್ಯ!"

"ಪೆಟ್ಟಿಗೆ ಹೊಸ್ತಿಲ ಮೇಲಿದೆ ಕಣೋ."

ಉದ್ದಕಳ್ಳ ಗೂಟದ ಮೇಲಿನ ಪಟ್ಟೆ ಅಂಗಿ ನೋಡಿದ. ಮಂಡಿ ನೀವಿಕೊಂಡ. ಆಮೇಲೆ ನನ್ನ ಪೆನ್ಸಿಲು ಕಿತ್ತುಕೊಂಡು ಸಹಿ ಹಾಕಿ, "ತಗೊಂಡು ಹೋಗು, ಪೀಡೆ. ಇನ್ನೂ ನಾನೂರು ಗೋಡೆ ಹಾರ್ತೀನಿ" ಅಂದ. ಕ್ಯಾಮೆರಾ ಇಲ್ಲದ ಕಡೆ ಈ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ಒಳ್ಳೆಯದು ಬಯಸಿದ್ದನ್ನು ಕಂಡದ್ದು ಅದೇ ಮೊದಲು. ನಾನು ಬಗ್ಗಿ, ಬೀಳದ ಸೂಜಿಯನ್ನು ಹುಡುಕಿದೆ.

ಅರ್ಜಿ ಮಂಜೂರಾಯಿತು. ಜೊತೆಗೇ ಹೊಸ ಆದೇಶ ಬಂತು: "ಜೈಲು ಸಿದ್ಧವಿರುವುದರಿಂದ ಯಾರಾದರೊಬ್ಬರು ಅದರೊಳಗೆ ಹೋಗತಕ್ಕದ್ದು." ಅತ್ತೆಯ ಕಡೆಯಿಂದ ಆಕ್ಷೇಪಣೆ ಬರಲಾರದವರು ಯಾರೆಂದು ವಿಚಾರಿಸಲಾಗಿ, ಮದುವೆಯಾಗದವರು ಇನ್ಸ್‌ಪೆಕ್ಟರ್ ಪಾತ್ರಧಾರಿ ಒಬ್ಬರೇ ಎಂದು ತಿಳಿದುಬಂತು.

"ನಾನೇನು ತಪ್ಪು ಮಾಡಿದೆ ಸಾರ್?"

"ಸ್ನೇಹಿತರ ಮಧ್ಯೆ ತಂದಿಡೋಕೆ ನೋಡಿದ್ರಲ್ರೀ. ಅದು ಸಣ್ಣ ತಪ್ಪಾ?"

ಇನ್ಸ್‌ಪೆಕ್ಟರು ಯೋಚಿಸಿ, ಇರಬಹುದು ಅಂದರು. ಅಂಗಿಯ ತೋಳು ಗೇಣುದ್ದ ಜೋತಾಡುತ್ತಿತ್ತು. ಗಿಡ್ಡ ಮಾಡೋಣವೆಂದರೆ, ಅಂಗಿ ಉದ್ದಕಳ್ಳನ ಅಳತೆಗೆ ಮಂಜೂರಾದದ್ದರಿಂದ ಕತ್ತರಿ ಹಾಕಕೂಡದು ಎಂದಾಯಿತು. ಪಾಪ, ಕಣ್ಣೊರೆಸಿಕೊಳ್ಳೋಕೆ ಅನುಕೂಲವೇ ಆಯಿತು.

ಕಂತು ನೋಡಿ ಅತ್ತೆ ಪೆಟ್ಟಿಗೆಯನ್ನು ಒಳಗೆಳೆದುಕೊಂಡರು. ಮರುದಿನ ಮತ್ತೆ ಸಮಾಚಾರ ಕೇಳಿದರು. ಉದ್ದಕಳ್ಳನ ಮಂಡಿಯ ವಿಷಯ ಹೇಳಬೇಕಾಯಿತು.

"ಅಳಿಯಂದ್ರೇ, ಆ ಮನುಷ್ಯ ಇನ್ನೊಂದು ಗೋಡೆ ಹಾರಿದ್ರೆ ಪೆಟ್ಟಿಗೆ ಮತ್ತೆ ಹೊಸ್ತಿಲಿಗೆ!"

ಮತ್ತೆ ಅರ್ಜಿ, ಮತ್ತೆ ಸೀಲು, ಟೀ ಲೋಟ. ಈಗ ನಿಯಮ ಹೀಗಿದೆ: "ಕಳ್ಳರು ಬರುವ ಮನೆಯವರು ಮುಂಬಾಗಿಲು ತೆಗೆದಿಟ್ಟು, ಹಜಾರದಲ್ಲಿ ಕುರ್ಚಿ ಹಾಕಿರತಕ್ಕದ್ದು." ಉದ್ದಕಳ್ಳ ಕೂತಲ್ಲಿಂದ ಬೆರಳು ತೋರಿಸುತ್ತಾನೆ, ಮನೆಯವರೇ ಎತ್ತಿ ತಂದು ಗಿಡ್ಡಕಳ್ಳನ ಚೀಲಕ್ಕೆ ಹಾಕುತ್ತಾರೆ. ನೋಡುಗರಿಂದ ಬಂದಿರುವ ಆಕ್ಷೇಪಣೆ ಒಂದೇ: ಕುರ್ಚಿಗೆ ದಿಂಬು ಯಾಕಿಲ್ಲ?

ಜೈಲು ಅಂಗಿಯ ಪಟ್ಟೆ ಬಟ್ಟೆ ಒಂದಿಷ್ಟು ಮಿಕ್ಕಿತ್ತು. ಅದರಲ್ಲೇ ದಿಂಬು ಹೊಲಿಯುತ್ತಿದ್ದೇನೆ. ಈ ಅಳತೆಗೆ ನಿಂತಾಗಲೂ ಉದ್ದಕಳ್ಳ ಮದುಮಗನ ಹಾಗೇ ನಕ್ಕ.