ಗಂಡನ ಹಲ್ಲಿನ ಪಾಚಿಯೂ ನನ್ನ ಪರೀಕ್ಷೆಯೂ

ಹಲ್ಲು ಕ್ಲೀನ್ ಮಾಡುವ ಕೋರ್ಸಿನಲ್ಲಿ ಅಮೆರಿಕದ ಅಯೋವಾದ ನಮ್ಮ ಇಡೀ ಕಮ್ಯುನಿಟಿ ಕಾಲೇಜಿಗೇ ಮೊದಲಿಗಳಾಗುತ್ತೇನೆಂದು ನಾನು ಊರ ತುಂಬ ಘೋಷಿಸಿಬಿಟ್ಟಿದ್ದೆ! ಸ್ಕೂಲಿನ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಬಿಟ್ಟು, ಮಗಳ ವಯಸ್ಸಿನ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತವಳು ನಾನು. ಪಾಸಾದರೆ ಊರಿನ ಹಲ್ಲಿನ ಡಾಕ್ಟರ ಬಳಿ ಕೆಲಸ ಕಾದಿತ್ತು. ನಪಾಸಾದರೆ ಮತ್ತೆ ಅದೇ ಸೌಟು.

ಈ ಪರೀಕ್ಷೆಯ ವೈಖರಿ ಕೇಳಿ. ಪೇಷೆಂಟನ್ನು ನಾವೇ ಹುಡುಕಿ ತರಬೇಕು. ಅವರ ಹಲ್ಲಿಗೆ ಪಾಚಿ ಕಲ್ಲಿನಂತೆ ಕಟ್ಟಿರಬೇಕು. ಬಾಯಿ ಶುಭ್ರವಾಗಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ! ಹಾಗಾಗಿ ನಮ್ಮ ಹುಡುಗಿಯರು ಅಂಗಡಿಯಲ್ಲಿ, ಚರ್ಚಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಜನರ ಬಾಯಿಗೇ ಕಣ್ಣು ನೆಟ್ಟು ಅಲೆಯುತ್ತಿದ್ದರು. ಕೆಂಡ್ರಾ ಎಂಬ ಹುಡುಗಿಯಂತೂ ಯಾರಾದರೂ ನಕ್ಕರೆ ಸಾಕು, ಹಿಂದೆಯೇ ಓಡುತ್ತಿದ್ದಳು.

ನನಗೇಕೆ ಆ ಚಿಂತೆ? ನಿಧಿ ಮನೆಯಲ್ಲೇ ಇತ್ತು! ಮೆಕ್ಕೆಜೋಳದ ಲಾರಿ ಓಡಿಸುವ ನನ್ನ ಗಂಡ ವರ್ಲಿನ್ ಮದುವೆಯಾದಾಗಿನಿಂದ ಹಲ್ಲಿನ ಡಾಕ್ಟರ ಮೆಟ್ಟಿಲು ತುಳಿದವನಲ್ಲ. ಹೋಗೋ ಎಂದು ಬೇಡಿ, ಬೈದು, ಅತ್ತು ನಾನು ಸೋತಿದ್ದೆ. ಈಗ ಆ ಹಟಮಾರಿಯ ಬಾಯಿ ನನ್ನ ಪಾಲಿಗೆ ಬಂಗಾರದ ಗಣಿ. ಆದರೆ "ನಿನ್ನ ಬಾಯಿ ಕೊಳಕು, ಬಾ" ಎಂದು ಕಟ್ಟಿಕೊಂಡವನಿಗೆ ಹೇಳುವುದು ಹೇಗೆ? ಒಂದು ಸಣ್ಣ ಸುಳ್ಳು ಬಿಟ್ಟೆ.

"ಪರೀಕ್ಷೆಗೆ ಹಲ್ಲು ಚೆನ್ನಾಗಿರೋರೇ ಬೇಕಂತೆ. ನಿನ್ನನ್ನೇ ಆರಿಸಿದೀನಿ."

"ನನ್ನನ್ನಾ? ಅಷ್ಟು ಚೆನ್ನಾಗಿದೆಯೇನೇ?"

"ಇಡೀ ಅಯೋವಾ ಸುತ್ತಿದ್ರೂ ಇಂಥ ಬಾಯಿ ಸಿಗಲ್ಲ ಮಾರಾಯ!"

ಮಾರಾಯ ನಾಚಿ ಕೆಂಪಾದ. ಅಂದಿನಿಂದ, ಪಾಚಿ ಇನ್ನಷ್ಟು ಕಟ್ಟಲೆಂದು, ಅವನಿಗೆ ರಾಜೋಪಚಾರ! ಬೆಳಿಗ್ಗೆ ಕ್ಯಾರಮೆಲ್ ಮಿಠಾಯಿ, ರಾತ್ರಿ ಚಿಲ್ಲಿ ಎಂಬ ಮಾಂಸದ ಗಟ್ಟಿ ಸಾರಿಗೆ ನಂಚಿಕೊಳ್ಳಲು ದಾಲ್ಚಿನ್ನಿಯ ಸಿಹಿ ರೋಲು. ಒಬ್ಬನೇ ತಿನ್ನಲು ಸಂಕೋಚಪಡುತ್ತಾನೆಂದು ನಾನೂ ಜೊತೆ ಕೊಟ್ಟೆ. ಓದಲು ಎಚ್ಚರವಿರಬೇಕಲ್ಲ, ಕಾಫಿಗೂ ಲೆಕ್ಕವಿರಲಿಲ್ಲ.

ಪರೀಕ್ಷೆಯ ದಿನ ಇಸ್ತ್ರಿ ಅಂಗಿ ತೊಟ್ಟು, ಕೆಲಸದಿಂದ ನೇರವಾಗಿ ಕಾಲೇಜಿಗೇ ಬಂದ. ತುಟಿ ಬಿಗಿದುಕೊಂಡಿದ್ದ, ಹೆದರಿಕೆ ಇರಬೇಕೆಂದುಕೊಂಡೆ. ಕುರ್ಚಿಯಲ್ಲಿ ಮಲಗಿಸಿ, ದೀಪ ಹಚ್ಚಿ, "ಬಾಯಿ ತೆರಿ" ಎಂದೆ.

ತೆರೆದ. ಹಾಲಿನಂಥ ಬಿಳುಪು! ಪಾಚಿಯ ಗುರುತೂ ಇಲ್ಲ! ಕೈಯಲ್ಲಿದ್ದ ಕನ್ನಡಿ ನೆಲಕ್ಕೆ ಬಿತ್ತು.

"ಏನೋ ಮಾಡ್ಕೊಂಡ್ ಬಂದೆ?"

"ಇವತ್ತೇ ಕೆಲಸದ ನಡುವೆ ಡಾಕ್ಟರ ಹತ್ರ ಹೋಗಿ ಕ್ಲೀನ್ ಮಾಡಿಸ್ಕೊಂಡೆ! ನಿಮ್ಮ ಟೀಚರುಗಳೆಲ್ಲ ನೋಡ್ತಾರೆ, ನಿನ್ನ ಮರ್ಯಾದೆ ಹೋಗಬಾರದಲ್ವಾ? ಕೈಕಾಲು ಗಡಗಡ ನಡುಗ್ತಿತ್ತು ಕಣೇ. ಆದ್ರೂ ನಿನಗೋಸ್ಕರ ಹೋದೆ."

ಬೈಯಬೇಕೋ, ಮುದ್ದಿಸಬೇಕೋ? ಅಷ್ಟು ವರ್ಷ ಕಾಲಿಗೆ ಬಿದ್ದರೂ ಹೋಗದವನು ಈಗ ಹೋಗಿದ್ದ!

ಪರೀಕ್ಷಕಿ ಮಿಸೆಸ್ ಟಾಲೆಫ್ಸನ್ ಬಂದು ಇಣುಕಿದರು. "ಇಷ್ಟು ಶುಭ್ರವಾದ ಬಾಯೀಲಿ ಏನಮ್ಮ ಕೆರೀತೀರಿ? ಇವತ್ತು ನೀವು ಕೂರೋ ಹಾಗಿಲ್ಲ. ಇನ್ನು ಮುಂದಿನ ಪರೀಕ್ಷೆ ಬೇಸಿಗೇಲೇ."

"ಮೇಡಂ!" ಎಂದು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಅವರ ಕಣ್ಣು ನನ್ನ ಹಲ್ಲಿನ ಮೇಲೇ ನೆಟ್ಟಿತು.

"ಮುಚ್ಚಬೇಡಿ! ಹಾಗೇ ಇರಿ!" ಎಂದು ಬಗ್ಗಿ ನೋಡಿದರು. ಪಕ್ಕದ ಕುರ್ಚಿಯ ಬಳಿ ಕೆಂಡ್ರಾ ಬಿಕ್ಕುತ್ತಿದ್ದಳು. ಅವಳ ಪೇಷೆಂಟು ಸೂಜಿ ಕಂಡು ಪರಾರಿಯಾಗಿದ್ದ. "ಅಳು ನಿಲ್ಸಮ್ಮ ಕೆಂಡ್ರಾ. ಭರ್ಜರಿ ಪೇಷೆಂಟ್ ಸಿಕ್ಕಿದ್ದಾರೆ!"

ಆ ಭರ್ಜರಿ ಪೇಷೆಂಟು ನಾನೇ! ನನ್ನ ಕುರ್ಚಿಯಲ್ಲೇ ನನ್ನನ್ನು ಮಲಗಿಸಿದರು. ಪರೀಕ್ಷೆಗೆ ಬಾಯಿಯ ಕಾಲು ಭಾಗ ಕ್ಲೀನ್ ಮಾಡಿದರೆ ಸಾಕು. ಅಷ್ಟಕ್ಕೇ ಕೆಂಡ್ರಾ ಬೆವೆತುಹೋದಳು. ಪಾಸೂ ಆದಳು, ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸೂ ಹೇಳಿದಳು.

ಹೊರಗೆ ಕಾಯುತ್ತಿದ್ದ ವರ್ಲಿನ್‌ಗೆ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ. ಅವನು ಗಲ್ಲ ಹಿಡಿದೆತ್ತಿ ನನ್ನ ಬಾಯೊಳಗೆ ನೋಡಿದ.

"ಅಯ್ಯೋ, ಇನ್ನೂ ಮುಕ್ಕಾಲು ಭಾಗ ಹಾಗೇ ಇದೆಯಲ್ಲೇ! ನಾಳೆ ನಮ್ಮೂರ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಹೆದರ್ಕೋಬೇಡ, ಕೈ ಹಿಡ್ಕೊಂಡಿರ್ತೀನಿ. ಹೇಗೂ ನೀನು ಅವರ ಹತ್ರಾನೇ ಕೆಲಸಕ್ಕೆ ಹೋಗಬೇಕು ಅಂತಿದ್ದೆಯಲ್ಲ!"