ಅತ್ತೆಯ ಕರಡದ ಗುಡ್ಡ

ನಮ್ಮ ಸೋದರತ್ತೆಯ ಮನೆಗೆ ಹೋಗುವುದಿದ್ದರೆ ಒಳ್ಳೆಯ ಪ್ಯಾಂಟು ಹಾಕಿಕೊಂಡು ಹೋಗಿ. ನೀವು ಬರದಿದ್ದರೂ ಅವರಿಗೆ ಬೇಸರವಿಲ್ಲ, ಪ್ಯಾಂಟು ಬಂದರೆ ಸಾಕು!

ಹಳೇಬೀಡಿನಿಂದ ಅರಸೀಕೆರೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ಉಳಿದವರು ನಿವೃತ್ತಿಯ ಮೇಲೆ ಕಾಶಿಗೆ ಹೋದರೆ ಇವರು ಹುಲ್ಲಿಗೆ ಹೋದರು. ಊರ ಹಿಂದಿನ ಗೋಮಾಳದ ಗುಡ್ಡ ಬೋಳಾಗಿತ್ತು. ಅಲ್ಲಿ ಮೊದಲಿದ್ದ ಕರಡದ ಹುಲ್ಲನ್ನೇ ಮತ್ತೆ ಎಬ್ಬಿಸಬೇಕೆಂಬ ಹಟ. ಒಮ್ಮೆ ಬೇರೂರಿದರೆ ವರ್ಷ ವರ್ಷವೂ ತಾನೇ ಚಿಗುರುವ ಹುಲ್ಲದು. ಆದರೆ ಬೀಜ ಅಂಗಡಿಯಲ್ಲಿ ಸಿಗಬೇಕಲ್ಲ? ದನ ಮೇಯದೆ ಕರಡ ಉಳಿದಿದ್ದ ಜಾಗವೆಂದರೆ ಊರ ಸ್ಮಶಾನ ಒಂದೇ. ಆ ಬೀಜಕ್ಕೆ ಚೂಪು ಮೂತಿ, ಉದ್ದ ಬಾಲ. ಪಕ್ಕದಲ್ಲಿ ಸುಳಿದರೆ ಬಟ್ಟೆಗೆ ಚುಚ್ಚಿಕೊಳ್ಳುತ್ತದೆ. ಹಾಗಾಗಿ ಬಂದ ನೆಂಟರನ್ನೆಲ್ಲ ಅತ್ತೆ ಅಲ್ಲಿಗೇ ವಾಕಿಂಗ್ ಕರೆದೊಯ್ಯುತ್ತಿದ್ದರು!

ನನ್ನ ತಂಗಿಯನ್ನು ನೋಡಲು ಬಿಕ್ಕೋಡಿನಿಂದ ಅತ್ತೆಯ ಮನೆಗೆ ಬಂದ ಗಂಡಿನವರನ್ನೂ ಬಿಡಲಿಲ್ಲ. ಹುಡುಗನ ಅಪ್ಪ ನಡುವೆ ನಿಂತು, "ಇದೇನಮ್ಮಾ, ಎಲ್ಲಿ ನೋಡಿದ್ರೂ ಕಲ್ಲು ನೆಟ್ಟವ್ರೆ?" ಎಂದರು.

"ನಮ್ಮ ಹಿರಿಯರೆಲ್ಲ ಇಲ್ಲೇ ಇದಾರೆ. ಅವರನ್ನೂ ನೋಡಿದ ಹಾಗಾಯ್ತು!"

ಮನೆಗೆ ಬಂದರೆ ಕಾಫಿಗೆ ಮೊದಲು ಎಲ್ಲರ ಮುಂದೂ ಒಂದೊಂದು ಮೊರ. ಹುಡುಗ ತಲೆ ತಗ್ಗಿಸಿ ಪ್ಯಾಂಟಿನ ಬೀಜ ಒಂದೊಂದನ್ನೇ ಕಿತ್ತು ಹಾಕಿದ. ಅತ್ತೆ ಅಡುಗೆಮನೆಗೆ ಬಂದು ತೀರ್ಪು ಕೊಟ್ಟರು: "ತಾಳ್ಮೆ ಇದೆ ಕಣೇ, ಒಪ್ಕೋ." ಮದುವೆಯೂ ಆಗಿಹೋಯಿತು!

ಗುಡ್ಡಕ್ಕೆ ಬೇಲಿ ಹಾಕಲು ಒಪ್ಪಿದ ಪಂಚಾಯ್ತಿಯವರು ಎರಡು ಮಳೆಗಾಲದ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಹುಲ್ಲು ಬರದಿದ್ದರೆ ಬೇಲಿ ಕೀಳಬೇಕು. ಅಲ್ಲೇ ದನ ಮೇಯಿಸುತ್ತಿದ್ದ ಸಣ್ಣೀರಪ್ಪನಿಗೂ ಅತ್ತೆಗೂ ಅಂದಿನಿಂದ ಜಗಳ. ಅವನ ದನ ಬೇಲಿಯ ಹತ್ತಿರ ಸುಳಿದರೂ ಅತ್ತೆ ಕೋಲು ಹಿಡಿದು ಓಡುತ್ತಿದ್ದರು. ಮೊದಲ ಮಳೆಗಾಲ ಕಳೆದರೂ ಗುಡ್ಡ ಬೋಳೇ.

"ಎಲ್ಲಿ ಟೀಚರಮ್ಮೋರೆ, ಹುಲ್ಲು?"

"ನೆಲದೊಳಗೆ ಬೇರು ಬಿಡ್ತಾ ಇದೆ ಕಣಪ್ಪ."

"ಹಂಗಾರೆ ನನ್ನ ದನ ನೆಲದೊಳಕ್ಕೆ ಬಾಯಿ ಹಾಕ್ಬೇಕಾ?"

ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

ಎರಡನೆಯ ಮಳೆಗಾಲಕ್ಕೆ ಹುಲ್ಲು ಮೊಣಕಾಲುದ್ದ ಎದ್ದಿತು! ಪಂಚಾಯ್ತಿಯವರು ಬಂದು ಫೋಟೊ ಹೊಡೆಸಿಕೊಂಡರು. ಇನ್ನು ಈಯಮ್ಮ ಬೇಲಿಗೆ ಬೀಗವನ್ನೇ ಜಡಿಯುತ್ತಾರೆ ಎಂದುಕೊಂಡೆವು. ಬೀಜ ಬಲಿತು ಉದುರಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸಣ್ಣೀರಪ್ಪನಿಗೆ ಹೇಳಿಕಳಿಸಿ, ತಾವೇ ಬೇಲಿ ತೆಗೆದರು.

"ಬಿಡಪ್ಪ, ನಿನ್ನ ದನಾನ."

"ಎಲ್ಲಾ ತಿಂದ್ಬಿಡ್ತವೆ ಕಣ್ರವ್ವಾ!" ಅವನೇ ಗಾಬರಿಯಾದ.

"ತಿನ್ನೋಕೇ ಅಲ್ವೇನೋ ಬೆಳೆಸಿದ್ದು? ಬುಡ ಇರುತ್ತೆ, ಮತ್ತೆ ಚಿಗುರುತ್ತೆ. ನನ್ನ ಹಟಕ್ಕೆ ಎರಡು ವರ್ಷ ನಿನ್ನ ದನ ಅರೆಹೊಟ್ಟೇಲಿದ್ವು. ಮೊದಲು ಅವೇ ತಿನ್ನಬೇಕು."

ಸಣ್ಣೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎರಡು ವರ್ಷ ನಕ್ಕಿದ್ದ ನನಗೆ ನಾಚಿಕೆಯಾಯಿತು. ಮೂಳೆ ಎದ್ದ ಮುದಿ ಹಸುವೊಂದು ಒಳಗೆ ಕಾಲಿಡಲು ಹೆದರಿ, ಅತ್ತೆಯನ್ನೇ ನೋಡುತ್ತ ನಿಂತಿತ್ತು. ಅತ್ತೆ ಅದರ ಬೆನ್ನ ಮೇಲೆ ಕೈಯಿಟ್ಟು, "ಹೋಗೇ ತಾಯಿ, ನಿಧಾನಕ್ಕೆ ತಿನ್ನು. ಇನ್ನು ನಾನು ಓಡಿಸಲ್ಲ" ಎಂದರು.