ಫಂಡ್ ಮ್ಯಾನೇಜರನ ಫ್ರಿಜ್ಜು

ಎಲ್ಲಕ್ಕೂ ಮೂಲ, ಸ್ವರ್ಣಲತಾ ತನ್ನ ಗಂಡನನ್ನು ಬೆಳಿಗ್ಗೆ ಐದೂವರೆಗೆ ಬಾಲ್ಕನಿಗೆ ಅಟ್ಟಿದ್ದು. ಪಾಪ, ಅವಳನ್ನು ದೂರುವಂತೆಯೂ ಇಲ್ಲ. ಇಂಟರ್‌ವ್ಯೂಗೆಂದು ಪೃಥ್ವಿರಾಜ್ ಉರು ಹೊಡೆದಿದ್ದ ಏಳು ಉತ್ತರಗಳನ್ನು ಅವಳು ಒಂದು ವಾರದಿಂದ ಉಣ್ಣುವಾಗೊಮ್ಮೆ, ಮಲಗುವಾಗೊಮ್ಮೆ ಕೇಳಿದ್ದಳು. ಆಸ್ಪತ್ರೆಯ ಡ್ಯೂಟಿಗೆ ಹೊರಡುವ ಮುಂಚೆ ಒಂದು ಲೋಟ ಚಹಾ ನೆಮ್ಮದಿಯಾಗಿ ಕುಡಿಯಬೇಕೆಂದರೆ ತಪ್ಪೇನು ಹೇಳಿ.

ಪೃಥ್ವಿರಾಜ್ ಬರ್ ದುಬೈ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವವನು. ಆದರೆ ಅವನಿಗೆ ಹಿಡಿದದ್ದು ಇನ್ವೆಸ್ಟ್‌ಮೆಂಟ್ ಫಂಡ್ ಮ್ಯಾನೇಜರ್ ಆಗುವ ಹುಚ್ಚು. ಜನರ ಕೋಟಿಗಟ್ಟಲೆ ಹಣವನ್ನು ಎಲ್ಲಿ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಹೇಳುವ ಕೆಲಸ. ಅದಕ್ಕಾಗಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪರೀಕ್ಷೆ ಪಾಸು ಮಾಡಿದ್ದ. ನಾಲ್ಕು ಕಂಪೆನಿಗಳು ‘ಫೋನ್ ಮಾಡುತ್ತೇವೆ’ ಎಂದು ಹೇಳಿ ಮರೆತಿದ್ದವು. ಐದನೆಯದು ಅಬುಧಾಬಿಯದು, ಇವತ್ತು ಸಂಜೆ ನಾಲ್ಕಕ್ಕೆ ಆನ್‌ಲೈನ್ ಇಂಟರ್‌ವ್ಯೂ, ಅದಕ್ಕೆಂದು ಅಂಗಡಿಗೆ ರಜೆ ಹಾಕಿದ್ದ. ಇದೇ ಕೊನೆ, ಇದೂ ಸಿಗದಿದ್ದರೆ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ತೆಪ್ಪಗೆ ಅಂಗಡಿಗೆ ಹೋಗುವುದು ಎಂದು ಗಂಡಹೆಂಡಿರ ಒಪ್ಪಂದವಾಗಿತ್ತು.

ಇಂಗ್ಲಿಷಿನಲ್ಲಿ ಹೇಳುವ ಮೊದಲು ಕನ್ನಡದಲ್ಲೊಮ್ಮೆ ಹೇಳಿಕೊಂಡರೆ ಅವನಿಗೆ ಧೈರ್ಯ ಬರುತ್ತಿತ್ತು. ಹಾಗಾಗಿ ಬಾಲ್ಕನಿಯಲ್ಲಿ ನಿಂತು ಕೈ ಬೀಸಿ ಬೀಸಿ ಏಳೂ ಉತ್ತರ ಒಪ್ಪಿಸಿದ. ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಫೀಸಮ್ಮ ತಲೆಯಾಡಿಸಿದರು. ಒಬ್ಬರಾದರೂ ಮೆಚ್ಚಿದರಲ್ಲ ಎಂದು ಅವನಿಗೆ ಖುಷಿಯಾಯಿತು.

ಹತ್ತು ಗಂಟೆಗೆ ಮೇಲಿನ ಮಹಡಿಯ ಬೆನೆಡಿಕ್ಟ್ ಬಂದು ಬಾಗಿಲು ಬಡಿದ. ಈ ಬಿಲ್ಡಿಂಗ್ ಮಾರಾಟವಾಗಿದೆ, ತಿಂಗಳ ಕೊನೆಯೊಳಗೆ ಎಲ್ಲರೂ ಖಾಲಿ ಮಾಡಬೇಕಂತೆ, ಪಕ್ಕಾ ಸುದ್ದಿ ಎಂದ. ಪೃಥ್ವಿರಾಜ್ ನಕ್ಕ. ಬಿಲ್ಡಿಂಗ್ ಆಫೀಸಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಮಂದೆಯ ಹಿಂದೆ ಓಡುವವನು ಯಾವತ್ತೂ ದುಡ್ಡು ಮಾಡುವುದಿಲ್ಲವೆಂದು ಮೆಟ್ಟಿಲ ಮೇಲೇ ನಿಲ್ಲಿಸಿ ಇಪ್ಪತ್ತು ನಿಮಿಷ ಉಪದೇಶ ಕೊಟ್ಟ. ಬೆನೆಡಿಕ್ಟ್ ಶ್ರದ್ಧೆಯಿಂದ ಕೇಳಿ, ಮೇಲೆ ಹೋಗಿ ಸೋಫಾ ಮಾರಿದ.

ಕೊಂಡವನು ಮೊಯ್ದೀನ್. ಬೆಳಿಗ್ಗೆ ವ್ಯಾನಿನಲ್ಲಿ ಜನರನ್ನು ಕೆಲಸಕ್ಕೆ ಬಿಟ್ಟು, ಆಮೇಲೆ ಪಿಕಪ್ ಗಾಡಿಯಲ್ಲಿ ಹಳೇ ಸಾಮಾನು ಕೊಂಡು ಮಾರುವವನು. ಹನ್ನೊಂದು ಗಂಟೆಗೆ ಪೃಥ್ವಿರಾಜನ ಫ್ರಿಜ್ಜಿಗೆ ಆರುನೂರು ದಿರ್ಹಮ್ ಬೆಲೆ ಇತ್ತು. ಹನ್ನೆರಡಕ್ಕೆ ನಾನೂರು. ಇಡೀ ಬಿಲ್ಡಿಂಗೇ ಮಾರಲು ನಿಂತರೆ ಬೆಲೆ ಇಳಿಯದೆ ಏರುತ್ತದೆಯೇ. ಒಂದು ಗಂಟೆಗೆ ನಫೀಸಮ್ಮನ ವಾಷಿಂಗ್ ಮಶಿನ್ ಲಿಫ್ಟ್ ಹತ್ತಿದ್ದನ್ನು ಪೃಥ್ವಿರಾಜ್ ನೋಡಿದ. ಅರುವತ್ತು ದಾಟಿದ ಹೆಂಗಸೇ ಮಾರುತ್ತಿದ್ದಾರೆಂದರೆ ವಿಷಯ ನಿಜವೇ ಇರಬೇಕು. ನಾಳೆ ಫ್ರಿಜ್ಜನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿರುವುದಿಲ್ಲ.

ಮೊಯ್ದೀನನನ್ನು ಕರೆದ. ಅವನು ತಲೆ ಕೆರೆದುಕೊಂಡು, "ಮಾರುದು ಬೇಡ ಅನ್ನಿಸ್ತದೆ ಸರ್," ಎಂದ. ಬೆಲೆ ಇಳಿಸುವ ಉಪಾಯವಿದು ಎಂದು ಪೃಥ್ವಿರಾಜ್ ತಕ್ಷಣ ಗುರುತಿಸಿದ. ಅಷ್ಟು ಓದಿದವನಲ್ಲವೇ. ಇನ್ನೂರೈವತ್ತಕ್ಕೆ ಫ್ರಿಜ್ಜು, ಅದರ ಹಿಂದೆ ಸೋಫಾ, ಮೇಜು, ಕುರ್ಚಿ, ಒಲೆ ಎಲ್ಲ ಇಳಿದವು. ಪುಸ್ತಕಗಳನ್ನು ಮಾತ್ರ, ಇದಕ್ಕೆ ಮಾರ್ಕೆಟ್ ಇಲ್ಲ ಸರ್ ಎಂದು ಮೊಯ್ದೀನ್ ವಾಪಸ್ ಇಟ್ಟ.

ನಾಲ್ಕು ಗಂಟೆಗೆ ಫಂಡ್ ಮ್ಯಾನೇಜರ್ ಆಗಲಿರುವ ನಮ್ಮ ಪೃಥ್ವಿರಾಜ್, ಕೋಟು ಹಾಕಿ, ಟೈ ಕಟ್ಟಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಕೂತಿದ್ದ.

ಪರದೆಯಲ್ಲಿ ಕಂಡವರು ರೊಸಲಿನ್ ಮೇಡಂ, ಕುಂದಾಪುರದ ಕಡೆಯವರು, ಒಳ್ಳೆಯ ಮನುಷ್ಯೆ. ಆರು ಪ್ರಶ್ನೆಗೆ ಆರು ಉತ್ತರ ನೀರಿನಂತೆ ಹರಿದವು. ಮೇಡಂ ಮುಖ ಅರಳಿತು. ಕೊನೆಯದನ್ನು ಕನ್ನಡದಲ್ಲೇ ಹೇಳಿ ಪರವಾಗಿಲ್ಲ ಎಂದು ಕೇಳಿದರು: ನಮ್ಮ ಫಂಡ್ ಕೈಯಲ್ಲಿ ಒಂದು ಹಳೇ ಬಿಲ್ಡಿಂಗ್ ಇದೆ, ಏನು ಮಾಡ್ತೀರಿ? ಪೃಥ್ವಿರಾಜನ ಎದೆ ಉಬ್ಬಿತು. ಇದು ಅವನ ಏಳನೇ ಉತ್ತರ.

"ಈ ಬಿಲ್ಡಿಂಗಿಗೆ ಇನ್ನು ಭವಿಷ್ಯ ಇಲ್ಲ ಮೇಡಂ. ಬೇರೆಯವರಿಗೆ ಗೊತ್ತಾಗುವ ಮೊದಲೇ, ತಿಂಗಳ ಕೊನೆಯೊಳಗೆ ಮಾರಿ ಹೊರಗೆ ಬರಬೇಕು."

"ಬೆಳಿಗ್ಗೆಯೂ ಇದನ್ನೇ ಅಲ್ವಾ ಮಗ ನೀನು ಹೇಳಿದ್ದು," ಎಂದಿತು ಬಾಗಿಲಿನಿಂದ ಒಂದು ದನಿ. ಒಲೆ ಮಾರಿದ ಹುಡುಗನಿಗೆ ಒಂದು ಲೋಟ ಚಹಾ ಇರಲಿ ಎಂದು ನಫೀಸಮ್ಮ ಬಂದಿದ್ದರು. "ಅದನ್ನು ಕೇಳಿಯೇ ನಾನು ಬೆನೆಡಿಕ್ಟನಿಗೆ ಹೇಳಿದ್ದು. ಫಂಡ್ ಓದಿದವನು ಹೇಳಿದ ಮೇಲೆ ಸುಳ್ಳಾಗ್ತದಾ ಅಂತ ಎಲ್ಲರೂ ಮಾರಿದ್ದು. ಮೊಯ್ದೀನ್ ಆಫೀಸಿಗೇ ಹೋಗಿ ವಿಚಾರಿಸಿ, ಹಾಗೆಂತದ್ದೂ ಇಲ್ಲ ಅಂತ ಬಂದು ಹೇಳಿದ. ಪಿಕಪ್ಪಿನವನ ಮಾತು ಯಾರು ಕೇಳ್ತಾರೆ?"

ಪೃಥ್ವಿರಾಜನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೂತದ್ದು ಹೇಗೂ ನೆಲದ ಮೇಲೇ. ಮೇಡಂ ಮೈಕ್ ಬಂದ್ ಮಾಡಿದರು, ಭುಜ ಕುಲುಕುತ್ತಿದ್ದದ್ದು ಮಾತ್ರ ಕಾಣುತ್ತಿತ್ತು. ಕಣ್ಣೊರೆಸಿಕೊಂಡು ಮತ್ತೆ ಬಂದಾಗ ನೀವೂ ಮಾರಿದಿರಾ ಎಂದು ಮೆಲ್ಲಗೆ ಕೇಳಿದರು. ಅವನು ಸುಳ್ಳು ಹೇಳಲಾರದೆ ಹೂಂ ಎಂದ.

"ಬೇಜಾರು ಮಾಡ್ಕೋಬೇಡಿ ಪೃಥ್ವಿರಾಜ್. ಆ ಮೊಯ್ದೀನ್ ಅವರ ನಂಬರ್ ಸ್ವಲ್ಪ ಕೊಡ್ತೀರಾ?"

ಏಳು ಗಂಟೆಗೆ ಸ್ವರ್ಣಲತಾ ಬಂದಳು. ಖಾಲಿ ಹಾಲ್ ನೋಡಿದಳು, ನೆಲದಲ್ಲಿ ಕೂತ ಗಂಡನನ್ನು ನೋಡಿದಳು, ಚೀಲ ಕೆಳಗಿಟ್ಟು ಅವನ ಪಕ್ಕದಲ್ಲೇ ಕೂತಳು. ಅವನು ಎಲ್ಲ ಹೇಳಿದ. ಅವಳು ಅವನ ಟೈ ಬಿಚ್ಚಿ ಮಡಚಿಟ್ಟಳು.

ಅಷ್ಟರಲ್ಲಿ ಮೊಯ್ದೀನ್ ಬಾಗಿಲಲ್ಲಿ ನಿಂತಿದ್ದ. ನಿಮ್ಮ ಫ್ರಿಜ್ಜು ಬೇರೆಯವರಿಗಾದರೆ ಐನೂರು, ನಿಮಗೆ ಮುನ್ನೂರೈವತ್ತು ಸರ್, ಎತ್ತಿ ಇಳಿಸಿದ ಖರ್ಚು ಮಾತ್ರ ಎಂದ. ಆಮೇಲೆ ನಾಚಿಕೊಂಡು ಮಡಚಿಟ್ಟ ಟೈಯನ್ನೇ ನೋಡಿದ.

"ಆ ಮೇಡಂ ನಾಳೆ ಇಂಟರ್‌ವ್ಯೂಗೆ ಅಬುಧಾಬಿಗೆ ಬರ್ಲಿಕ್ಕೆ ಹೇಳಿದ್ದಾರೆ ಸರ್. ಅಲ್ಲಿ ಎಂತ ಕೇಳ್ತಾರೆ, ಎಂತ ಹೇಳ್ಬೇಕು, ಒಂಚೂರು ಹೇಳಿಕೊಡ್ತೀರಾ?"

ಪೃಥ್ವಿರಾಜ್ ಹೆಂಡತಿಯ ಮುಖ ನೋಡಿದ.

"ಹೇಳಿಕೊಡಿ," ಎಂದಳು ಸ್ವರ್ಣಲತಾ, ಎದ್ದು ಬಾಲ್ಕನಿಯ ಬಾಗಿಲು ಹಾಕುತ್ತಾ.